ಒಂದು ವಾಕ್ಯ, ಒಬ್ಬ ವೈಯಾಕರಣ

ಬ್ರಾತ್ ಚಿತಾ ಕ್ಶೊಂಶ್ಕೆ. ಪೋಲೆಂಡಿನ ಯಾವ ಮನೆಯಲ್ಲಾದರೂ ಯಾವ ಹೊತ್ತಿನಲ್ಲಾದರೂ ಆಡಬಹುದಾದ ಮಾತು ಇದು. ಅಣ್ಣ ಪುಸ್ತಕ ಓದುತ್ತಾನೆ ಎಂದು ಇದರ ಅರ್ಥ. ತಮ್ಮ ಪುಸ್ತಕ ಓದುತ್ತಾನೆ ಎಂದರೂ ಸಲ್ಲುತ್ತದೆ, ಏಕೆಂದರೆ ಹಿರಿಯ ಕಿರಿಯ ಎಂಬ ಭೇದವನ್ನು ಆ ಭಾಷೆಯ ಬ್ರಾತ್ ಎಣಿಸುವುದಿಲ್ಲ. ಸಂಸ್ಕೃತವನ್ನು ಬಲ್ಲ ವಾಚಕರಿಗೆ ಈ ಪದದೊಳಗೆ ಭ್ರಾತೃ ಕಾಣಿಸದೆ ಇರದು. ಚಿತಾ ಎಂಬ ಕ್ರಿಯಾಪದದಲ್ಲಿ ಅರಿವು ಎಂಬರ್ಥದ ನಮ್ಮ ಚಿತ್ ಧಾತುವಿನ ದೂರದ ನಂಟಿದೆ. ಪುಸ್ತಕಕ್ಕೆ ಅಲ್ಲಿ ಕ್ಶೊಂಶ್ಕಾ ಎಂದು ಹೆಸರು. ವಾಕ್ಯದಲ್ಲಿ ಅದು ಕರ್ಮಪದವಾದುದರಿಂದ ಕೊನೆಯ ಆಕಾರ ಹೋಗಿ ಎಕಾರ ಬಂದಿದೆ. ನಮ್ಮಲ್ಲಿ ಅನ್ನು ಎಂಬ ಪ್ರತ್ಯಯ ಮಾಡುವ ಕೆಲಸವನ್ನು ಅಲ್ಲಿ ಒಂದು ಸ್ವರವೇ ಮಾಡುತ್ತದೆ.

ಈ ಮೂರು ಪದಗಳ ವಾಕ್ಯವನ್ನು ಸ್ವಲ್ಪ ಅಲುಗಿಸಿದರೆ ಸಾಕು, ಪೋಲಿಷ್ ವ್ಯಾಕರಣದ ಅರ್ಧಭಾಗ ಹೊರಬೀಳುತ್ತದೆ. ಅಣ್ಣ ಪುಸ್ತಕ ಓದುವುದಿಲ್ಲ ಎನ್ನಬೇಕಾದರೆ ಬ್ರಾತ್ ನ್ಯೆ ಚಿತಾ ಕ್ಶೊಂಶ್ಕಿ ಎನ್ನಬೇಕು. ನಿಷೇಧ ಬಂದೊಡನೆ ಪುಸ್ತಕವು ದ್ವಿತೀಯೆಯನ್ನು ಬಿಟ್ಟು ಷಷ್ಠಿಗೆ ಸರಿಯಿತು. ನಡೆಯದ ಕ್ರಿಯೆಗೆ ಪೂರ್ಣವಾದ ಕರ್ಮವೆಲ್ಲಿಯದು ಎಂದು ಆ ಭಾಷೆ ಕೇಳುವಂತಿದೆ. ಓದುವ ಬದಲು ನೋಡುತ್ತಾನೆ ಎಂದಿಟ್ಟುಕೊಳ್ಳಿ. ಮೇಜನ್ನು ನೋಡಿದರೆ ಮೇಜಿನ ರೂಪ ಪ್ರಥಮೆಯಂತೆಯೇ ಉಳಿಯುತ್ತದೆ. ಬೆಕ್ಕನ್ನು ನೋಡಿದರೆ ಕೊತ್ ಎಂಬುದು ಕೊತಾ ಆಗುತ್ತದೆ. ಜೀವವಿರುವ ಪುಲ್ಲಿಂಗಕ್ಕೊಂದು ದ್ವಿತೀಯೆ, ಜೀವವಿಲ್ಲದುದಕ್ಕೊಂದು. ಇದು ವಿಚಿತ್ರವೆಂದು ಕನ್ನಡಿಗರು ಹುಬ್ಬೇರಿಸಬೇಕಾಗಿಲ್ಲ. ಪುಸ್ತಕ ಓದಿದ, ನೀರು ಕುಡಿದ ಎಂದು ಪ್ರತ್ಯಯವಿಲ್ಲದೆ ಹೇಳುವ ನಾವು ಅಣ್ಣ ಕರೆದ ಎಂದರೆ ಅಣ್ಣನನ್ನು ಕರೆದ ಎಂಬರ್ಥವನ್ನು ಎಂದೂ ತೆಗೆದುಕೊಳ್ಳುವುದಿಲ್ಲ. ಜೀವವುಳ್ಳವನಿಗೆ ಪ್ರತ್ಯಯದ ಮರ್ಯಾದೆ ತಪ್ಪದು.

ಪೋಲಿಷ್ ಭಾಷೆಯಲ್ಲಿ ವಿಭಕ್ತಿಗಳು ಏಳು. ನಮ್ಮ ಏಳನ್ನು ನೆನೆದು ಯಾರಾದರೂ ಸಂತೋಷಪಟ್ಟರೆ ಆ ಸಂತೋಷ ಅರ್ಧಕ್ಕೇ ನಿಲ್ಲಬೇಕಾಗುತ್ತದೆ. ಅಲ್ಲಿ ಸಂಬೋಧನೆಯೂ ಏಳರೊಳಗೆ ಸೇರಿದೆ, ಪಂಚಮಿ ಇಲ್ಲ. ಆದರೆ ಇಲ್ಲವಾದ ಪಂಚಮಿ ಪೂರ್ತಿ ಅಳಿದಿಲ್ಲ. ಪುಲ್ಲಿಂಗ ಪದಗಳ ಷಷ್ಠಿಯಲ್ಲಿ ಬರುವ ಆಕಾರವು ಬಹು ಹಿಂದಿನ ಪಂಚಮಿಯ ಉಳಿಕೆ, ಸಂಸ್ಕೃತದ ರಾಮಾತ್ ಎಂಬ ರೂಪದ ಕೊನೆಯಲ್ಲಿರುವ ಆತ್ ಎಂಬುದರ ಸೋದರ, ಎಂದು ತೌಲನಿಕ ಭಾಷಾಶಾಸ್ತ್ರ ಹೇಳುತ್ತದೆ. ಮನೆ ಮಾರಿದರೂ ಹಿತ್ತಿಲಲ್ಲಿ ವಾಸ ಮುಂದುವರಿಸಿದ ಹಳೆಯ ಒಡೆಯನಂತೆ ಪಂಚಮಿ ಷಷ್ಠಿಯ ಹೆಸರಿನಲ್ಲಿ ಅಲ್ಲಿ ಬಾಳುತ್ತಿದೆ.

ಈ ಕೊನೆಗಳು ಏಕೆ ಹೀಗಿವೆ, ಒಂದು ಲಿಂಗದ ಪ್ರತ್ಯಯ ಇನ್ನೊಂದು ಲಿಂಗಕ್ಕೆ ಹೇಗೆ ದಾಟಿತು ಎಂದು ಕೇಳಿ, ಅದಕ್ಕೆ ಮನುಷ್ಯನ ಮನಸ್ಸಿನಲ್ಲಿ ಉತ್ತರ ಹುಡುಕಿದ ಒಬ್ಬ ತರುಣನಿದ್ದ. 1868ರಲ್ಲಿ ಪೋಲಿಷ್ ವಿಭಕ್ತಿರೂಪಗಳಲ್ಲಿ ಸಾದೃಶ್ಯದ ಕೆಲಸವನ್ನು ಕುರಿತು ಜರ್ಮನ್ ಭಾಷೆಯಲ್ಲಿ ಆತನ ಲೇಖನ ಪ್ರಕಟವಾದಾಗ ವಯಸ್ಸು ಇಪ್ಪತ್ತಮೂರು. ಹೆಸರು ಯಾನ್ ಬೋದುವೆನ್ ದ ಕುರ್ತೆನೆ. ನಮ್ಮ ಎಂ.ಎ. ವಿದ್ಯಾರ್ಥಿಗಳು ಪ್ರತಿ ವರ್ಷ ಧ್ವನಿಮಾ, ಆಕೃತಿಮಾ ಎಂಬ ಎರಡು ಮಾತುಗಳನ್ನು ಉತ್ತರಪತ್ರಿಕೆಗಳಲ್ಲಿ ನೂರಾರು ಸಲ ಬರೆಯುತ್ತಾರೆ. ಇವೆರಡರ ಹಿಂದೆಯೂ ಇರುವ ಮನುಷ್ಯ ಈತನೆಂಬುದನ್ನು ತರಗತಿಯಲ್ಲಿ ಹೇಳುವಷ್ಟು ವ್ಯವಧಾನ ನಮ್ಮ ಪಾಠಪಟ್ಟಿಗೆ ಇಲ್ಲ. ಅದಕ್ಕಾಗಿ ಈ ಪುಟವನ್ನು ಬಳಸಿಕೊಳ್ಳುತ್ತಿದ್ದೇನೆ.

ಹೆಸರು ಫ್ರೆಂಚರದು, ಮನೆತನವೂ ಮೂಲದಲ್ಲಿ ಫ್ರಾನ್ಸಿನದೇ. ಆದರೆ ಪೂರ್ವಿಕರು ಪೋಲೆಂಡಿಗೆ ಬಂದು ನೆಲಸಿ ತಲೆಮಾರುಗಳು ಕಳೆದಿದ್ದವು. ವಾರ್ಸಾ ನಗರದ ಬಳಿಯ ರಾದ್ಜ಼ಿಮಿನ್ ಎಂಬ ಊರಿನಲ್ಲಿ 1845ರ ಮಾರ್ಚ್ 13ರಂದು ಬೋದುವೆನ್ ಹುಟ್ಟಿದಾಗ ಪೋಲೆಂಡ್ ಎಂಬ ಸ್ವತಂತ್ರ ರಾಜ್ಯ ಭೂಪಟದಲ್ಲಿರಲಿಲ್ಲ. 1772, 1793, 1795ರ ಮೂರು ವಿಭಜನೆಗಳಲ್ಲಿ ರಷ್ಯ, ಪ್ರಷ್ಯ, ಆಸ್ಟ್ರಿಯಗಳು ಅದನ್ನು ಹಂಚಿಕೊಂಡಿದ್ದವು. ವಾರ್ಸಾ ರಷ್ಯದ ಚಕ್ರವರ್ತಿಯ ಕೈಯಲ್ಲಿತ್ತು. 1862ರಲ್ಲಿ ತೆರೆದ ವಾರ್ಸಾದ ಪ್ರಧಾನ ವಿದ್ಯಾಲಯದಲ್ಲಿ ಈತ ಓದುತ್ತಿರುವಾಗಲೇ 1863ರ ದಂಗೆ ಎದ್ದಿತು, ಅಡಗಿತು. ಅನಂತರ ಶಾಲೆಗಳಿಂದ ಪೋಲಿಷ್ ಭಾಷೆಯನ್ನು ಹೊರಗಟ್ಟುವ ಕಾರ್ಯ ಬಿರುಸಾಯಿತು. ಬೋದುವೆನ್ ಪದವಿ ಪಡೆದ ಮೂರು ವರ್ಷಗಳಲ್ಲಿ ಆ ವಿದ್ಯಾಲಯವನ್ನೇ ಮುಚ್ಚಿ, ಅದರ ಸ್ಥಾನದಲ್ಲಿ ರಷ್ಯನ್ ಮಾಧ್ಯಮದ ವಿಶ್ವವಿದ್ಯಾನಿಲಯವನ್ನು ನಿಲ್ಲಿಸಿದರು. ತನ್ನ ನುಡಿಯ ಷಷ್ಠಿ ದ್ವಿತೀಯೆಗಳನ್ನು ಕುರಿತು ಒಬ್ಬ ತರುಣ ಚಿಂತಿಸುವುದು ಅಂಥ ದಿನಗಳಲ್ಲಿ ಬರಿಯ ಶಾಸ್ತ್ರವ್ಯಸನವಾಗಿರಲಾರದೆಂದು ನನಗೆ ತೋರುತ್ತದೆ.

ವಿದ್ಯಾರ್ಥಿವೇತನ ದೊರೆತು ಈತ ಪ್ರಾಗ್, ಯೇನಾ, ಬರ್ಲಿನ್ ನಗರಗಳಿಗೆ ಹೋದ. ಯೇನಾದಲ್ಲಿ ಔಗುಸ್ಟ್ ಶ್ಲೈಖರ್ ಇದ್ದ. ಭಾಷೆಯೆಂಬುದು ಗಿಡಮರಗಳಂತೆ ಹುಟ್ಟಿ ಬೆಳೆದು ಬಾಡುವ ಜೀವಿ ಎಂದು ಸಾರಿದ ಪಂಡಿತನಾತ. ಬರ್ಲಿನ್ನಿನಲ್ಲಿ ಆಲ್‌ಬ್ರೆಖ್ಟ್ ವೇಬರ್ ಅವರಲ್ಲಿ ಬೋದುವೆನ್ ಸಂಸ್ಕೃತವನ್ನು ಕಲಿತ. ಧಾತುವನ್ನೂ ಪ್ರತ್ಯಯವನ್ನೂ ಬಿಡಿಸಿ ನೋಡುವ ಭಾರತೀಯ ವೈಯಾಕರಣರ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಯೂರೋಪಿಗೆ ದೊಡ್ಡ ಪಾಠವಾಗಿತ್ತು. ಆ ಪಾಠ ಈತನಿಗೂ ದಕ್ಕಿತು. ಧಾತು, ಉಪಸರ್ಗ, ಪ್ರತ್ಯಯ ಎಂದು ಬೇರೆ ಬೇರೆ ಹೆಸರುಳ್ಳ ತುಣುಕುಗಳಿಗೆಲ್ಲ ಒಟ್ಟಾಗಿ ಒಂದು ಹೆಸರು ಬೇಕೆಂದು ಮಾರ್ಫೀಮ್ ಎಂಬ ಪದವನ್ನು 1880ರ ಸುಮಾರಿಗೆ ಟಂಕಿಸಿದವನು ಈತನೇ. ನಾವು ಆಕೃತಿಮಾ ಎನ್ನುವುದು ಅದನ್ನೇ.

ಸಾದೃಶ್ಯದ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಅಂದಿನ ಪಂಡಿತರು ಪೂರ್ವದ ರೂಪವೇ ಶುದ್ಧ, ಮತ್ತೊಂದು ರೂಪವನ್ನು ನೋಡಿ ಹುಟ್ಟಿಕೊಂಡದ್ದು ಭ್ರಷ್ಟ ಎಂದು ಬಗೆಯುತ್ತಿದ್ದರು. ಅದಕ್ಕೆ ಮಿಥ್ಯಾಸಾದೃಶ್ಯವೆಂದೇ ಹೆಸರಿಟ್ಟಿದ್ದರು. ಪೋಲಿಷ್ ಬಹುವಚನವನ್ನು ನೋಡಿ. ತೃತೀಯೆಯಲ್ಲಿ ಆಮಿ, ಸಪ್ತಮಿಯಲ್ಲಿ ಆಖ್ ಎಂಬ ಪ್ರತ್ಯಯಗಳು ಮೊದಲು ಪುಸ್ತಕ ಮುಂತಾದ ಸ್ತ್ರೀಲಿಂಗ ಪದಗಳವು. ಅವು ಅಲ್ಲಿಂದ ಹೊರಟು ಪುಲ್ಲಿಂಗ, ನಪುಂಸಕ ಪದಗಳನ್ನೂ ಆಕ್ರಮಿಸಿಕೊಂಡವು. ಪುಲ್ಲಿಂಗದ ಚತುರ್ಥಿಯಾದ ಓಮ್ ಎಂಬುದು ಎದುರು ದಿಕ್ಕಿನಲ್ಲಿ ನಡೆದು ಸ್ತ್ರೀಲಿಂಗವನ್ನು ಗೆದ್ದಿತು. ಯಾವ ಧ್ವನಿನಿಯಮದಿಂದಲೂ ಇದನ್ನು ವಿವರಿಸಲಾಗದು. ಆಡುವವರ ಮನಸ್ಸು ಒಂದು ಮಾದರಿಯನ್ನು ಹಿಡಿದು ಉಳಿದವನ್ನು ಅದರಂತೆ ತಿದ್ದಿಕೊಳ್ಳುತ್ತದೆ. ಓಡು ಎಂಬುದಕ್ಕೆ ಓಡಿದ, ಹಾಡು ಎಂಬುದಕ್ಕೆ ಹಾಡಿದ ಎಂದು ಕೇಳಿದ ಎಳೆಯ ಮಗು ಕೊಡು ಎಂಬುದಕ್ಕೆ ಕೊಡಿದ ಎನ್ನುವುದಿಲ್ಲವೇ? ಮಗು ತಪ್ಪು ಮಾಡಿತೆಂದು ನಾವು ನಗುತ್ತೇವೆ. ವಾಸ್ತವವಾಗಿ ಅದು ವ್ಯಾಕರಣವನ್ನು ಕಂಡುಕೊಂಡಿದೆ. ಕೊಟ್ಟ ಎಂಬ ಅಪವಾದವನ್ನು ಮಾತ್ರ ಇನ್ನೂ ಕಂಡಿಲ್ಲ. ಸಾದೃಶ್ಯ ಭ್ರಂಶವಲ್ಲ, ಭಾಷೆಯ ನಿತ್ಯವ್ಯಾಪಾರ ಎಂದು ಬೋದುವೆನ್ ಹೇಳಿದ. ಇದೇ ವಿಚಾರವನ್ನು ಧ್ವಜವಾಗಿ ಎತ್ತಿಕೊಂಡ ಲೈಪ್‌ಜ಼ಿಗಿನ ನವ್ಯ ವೈಯಾಕರಣರ ಪ್ರಣಾಳಿಕೆ ಹೊರಬಂದದ್ದು ಹತ್ತು ವರ್ಷಗಳ ಅನಂತರ, 1878ರಲ್ಲಿ. ಕೀರ್ತಿ ಮಾತ್ರ ಅವರಿಗೇ ಸಂದಿತು.

1870ರಲ್ಲಿ ಲೈಪ್‌ಜ಼ಿಗಿನ ಡಾಕ್ಟರೇಟ್ ಪದವಿ ಬಂದಿತು. ಅದೇ ವರ್ಷ ಹದಿನಾಲ್ಕನೆಯ ಶತಮಾನಕ್ಕಿಂತ ಹಿಂದಿನ ಪೋಲಿಷ್ ಭಾಷೆಯನ್ನು ಕುರಿತು ಗ್ರಂಥ ಬರೆದ. ಆ ಕಾಲದ ಪೋಲಿಷ್ ಬರಹ ಇಲ್ಲವೆನ್ನುವಷ್ಟು ವಿರಳ. ಲ್ಯಾಟಿನ್ ಶಾಸನಪತ್ರಗಳಲ್ಲಿ ಚದರಿಬಿದ್ದ ಊರ ಹೆಸರು, ಆಳುಗಳ ಹೆಸರುಗಳೇ ಆಧಾರ. ಹಳಗನ್ನಡದ ಪೂರ್ವರೂಪವನ್ನು ಸಂಸ್ಕೃತ ಪ್ರಾಕೃತ ಶಾಸನಗಳ ಊರ ಹೆಸರುಗಳಲ್ಲಿ ಅರಸುವ ನಮ್ಮ ವಿದ್ವಾಂಸರಿಗೆ ಈ ಶ್ರಮದ ಬಗೆ ಚೆನ್ನಾಗಿ ತಿಳಿದಿದೆ. ಪೋಲಿಷ್ ಭಾಷೆಯ ಮೊತ್ತಮೊದಲ ಪೂರ್ಣ ವಾಕ್ಯವೆಂದು ಎಣಿಸುವುದು ಸುಮಾರು 1270ರಲ್ಲಿ ಬರೆದ ಹೆನ್ರಿಕೂಫ್ ಮಠದ ಲ್ಯಾಟಿನ್ ಪುಸ್ತಕದೊಳಗಿದೆ. ಅದು ಅರಸನ ಅಪ್ಪಣೆಯಲ್ಲ, ದೇವರ ಸ್ತೋತ್ರವೂ ಅಲ್ಲ. ಬೀಸುವ ಕಲ್ಲಿನ ಮುಂದೆ ದಣಿದ ಹೆಂಡತಿಗೆ, ನೀನು ವಿಶ್ರಮಿಸಿಕೊ, ನಾನು ಬೀಸುತ್ತೇನೆ ಎಂಬರ್ಥ ಬರುವಂತೆ ಒಬ್ಬ ಗಂಡನು ಆಡಿದ ಮಾತು. ನಮ್ಮ ಕೇಶಿರಾಜ ಶಬ್ದಮಣಿದರ್ಪಣವನ್ನು ರಚಿಸಿದ ಕಾಲವೂ ಹೆಚ್ಚುಕಡಮೆ ಅದೇ. ಇಲ್ಲಿ ವ್ಯಾಕರಣವೇ ಸಿದ್ಧವಾಗಿರುವಾಗ ಅಲ್ಲಿ ಒಂದು ವಾಕ್ಯ ಕಣ್ಣು ತೆರೆಯುತ್ತಿತ್ತು.

ಹಳೆಯ ಪತ್ರಗಳಲ್ಲಿ ಇಷ್ಟು ದುಡಿದರೂ ಬೋದುವೆನ್ನನ ಒಲವು ಜೀವಂತ ನುಡಿಯ ಕಡೆಗೇ. ಪ್ರಾಣಿಶಾಸ್ತ್ರವನ್ನು ಮೂಳೆಗಳಿಂದ ಆರಂಭಿಸುವವನು ತಲೆಕೆಳಗಾಗಿ ನಡೆದಂತೆ ಎಂಬ ಭಾವ ಆತನದು. 1872ರಿಂದ ಇಟಲಿಯ ಈಶಾನ್ಯ ಮೂಲೆಯ ರೇಜ಼್ಯಾ ಕಣಿವೆಯ ಹಳ್ಳಿಗಳಲ್ಲಿ ಅಲೆದು, ಅಲ್ಲಿನ ಸ್ಲಾವ್ ಉಪಭಾಷೆಯನ್ನು ಜನರ ಬಾಯಿಂದಲೇ ಕೇಳಿ ಬರೆದುಕೊಂಡ. 1875ರಲ್ಲಿ ಆ ನುಡಿಯ ಧ್ವನಿವಿಚಾರವೇ ಆತನ ಮಹಾಪ್ರಬಂಧವಾಯಿತು. ಅದೇ ವರ್ಷ ವೋಲ್ಗಾ ತೀರದ ಕಜ಼ಾನ್ ನಗರದಲ್ಲಿ ಅಧ್ಯಾಪಕವೃತ್ತಿ ದೊರೆಯಿತು. ತೌಲನಿಕ ವ್ಯಾಕರಣದೊಡನೆ ಸಂಸ್ಕೃತವನ್ನೂ ಅಲ್ಲಿ ಕಲಿಸಬೇಕಾಗಿತ್ತು.

ಯೂರೋಪಿನ ವಿದ್ಯಾಕೇಂದ್ರಗಳಿಂದ ಕಜ಼ಾನ್ ಬಹು ದೂರ, ತಾತಾರರ ನಾಡು. ಅಲ್ಲಿ ಕಳೆದ ಎಂಟು ವರ್ಷ ಬೋದುವೆನ್ನನ ಬಾಳಿನ ಫಲವತ್ತಾದ ಕಾಲ. ನಾಲ್ಕಾರು ಶಿಷ್ಯರು ಆತನ ಮನೆಯಲ್ಲಿ ಸೇರಿ ಓದುತ್ತ ವಾದಿಸುತ್ತ ಇದ್ದರು. ಅವರಲ್ಲಿ ಮಿಕೊವಾಯ್ ಕ್ರುಶೆಫ್ಸ್ಕಿ ಎಂಬ ಇನ್ನೊಬ್ಬ ಪೋಲ್ ಇದ್ದ. ದೂರದ ಊರೊಂದರಲ್ಲಿ ಶಾಲಾ ಉಪಾಧ್ಯಾಯನಾಗಿ ದುಡಿದು ಹಣ ಕೂಡಿಸಿಕೊಂಡು 1878ರಲ್ಲಿ ಈ ಗುರುವನ್ನು ಅರಸಿ ಬಂದವನು. ಫೋನೀಮ್ ಎಂಬ ಮಾತು ಫ್ರಾನ್ಸಿನಲ್ಲಿ ಮೊದಲೇ ಇತ್ತು, ಆದರೆ ಅಲ್ಲಿ ಅದಕ್ಕೆ ಬರಿಯ ಧ್ವನಿ ಎಂದು ಅರ್ಥ. ಅದಕ್ಕೆ ಇಂದಿನ ಅರ್ಥದ ದಾರಿ ತೋರಿದವರು ಕಜ಼ಾನಿನ ಈ ಗುರುಶಿಷ್ಯರು.

ಅದನ್ನೂ ಒಂದು ಉದಾಹರಣೆಯಿಂದಲೇ ನೋಡೋಣ. ಪೋಲಿಷ್ ಭಾಷೆಯಲ್ಲಿ ಹಲ್ಲಿಗೆ ಜ಼ೊಂಪ್ ಎನ್ನುತ್ತಾರೆ, ಹಲ್ಲುಗಳಿಗೆ ಜ಼ೆಂಬಿ. ಸಂಸ್ಕೃತದ ಜಂಭ ಇದರ ಜ್ಞಾತಿ. ಏಕವಚನದಲ್ಲಿ ಕಿವಿಗೆ ಬೀಳುವುದು ಪಕಾರ, ಬಹುವಚನದಲ್ಲಿ ಬಕಾರ. ಆದರೆ ಪೋಲನನ್ನು ಕೇಳಿದರೆ ಎರಡರಲ್ಲಿಯೂ ಬಕಾರವನ್ನೇ ಆಡಿದೆನೆನ್ನುತ್ತಾನೆ, ಬರೆಯುವಾಗಲೂ ಬಕಾರವನ್ನೇ ಬರೆಯುತ್ತಾನೆ. ಸುಳ್ಳು ಹೇಳುತ್ತಿದ್ದಾನೆಯೇ? ಇಲ್ಲ. ಬಾಯಿ ಮಾಡುವುದು ಒಂದು, ಮನಸ್ಸು ಉದ್ದೇಶಿಸುವುದು ಇನ್ನೊಂದು. ಹೀಗೆ ಮನಸ್ಸಿನಲ್ಲಿ ನೆಲೆಸಿದ ಧ್ವನಿಯ ಪ್ರತಿಮೆಗೆ ಬೋದುವೆನ್ ಫೋನೀಮ್ ಎಂದ. ನಮ್ಮ ಅನುಸ್ವಾರವನ್ನು ನೆನೆದರೆ ಸಾಕು. ಅಂಗಳ, ಅಂಚು, ಅಂಟು, ಅಂದ, ಅಂಬು ಎಂಬ ಐದು ಪದಗಳಲ್ಲಿ ನಾಲಗೆ ತುಟಿಗಳು ಐದು ಬೇರೆ ಅನುನಾಸಿಕಗಳನ್ನು ನುಡಿಯುತ್ತವೆ. ಬರೆಯುವ ಕೈ ಮಾತ್ರ ಒಂದೇ ಸೊನ್ನೆಯನ್ನು ಹಾಕಿ ಮುಂದೆ ಹೋಗುತ್ತದೆ. ತರಗತಿಯಲ್ಲಿ ಈ ಐದು ಪದಗಳನ್ನು ನಿಧಾನವಾಗಿ ಹೇಳಿಸಿದಾಗ ವಿದ್ಯಾರ್ಥಿಗಳ ಮುಖದಲ್ಲಿ ಮೂಡುವ ಬೆರಗನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ತಮ್ಮ ಬಾಯಿಯೇ ತಮಗೆ ಅಪರಿಚಿತವೆಂದು ಅವರಿಗೆ ಆ ಕ್ಷಣ ಅನಿಸುತ್ತದೆ.

ಕ್ರುಶೆಫ್ಸ್ಕಿ ರೋಗಕ್ಕೆ ತುತ್ತಾಗಿ 1887ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಮರುವರ್ಷ ಗುರು ಆತನ ಜೀವನ, ಕೃತಿಗಳನ್ನು ಕುರಿತು ದೀರ್ಘವಾಗಿ ಬರೆದ. ಆ ಬರಹದಲ್ಲಿ ಸತ್ತ ಶಿಷ್ಯನ ವಿಷಯದಲ್ಲಿ ಕಾಣುವ ನಿಷ್ಠುರತೆ ನನಗೆ ಎಂದೂ ಸರಿಯೆನಿಸಿಲ್ಲ. ಬೋದುವೆನ್ ತನ್ನ ಬಗೆಗೂ ಅಷ್ಟೇ ಕಠಿಣನಾಗಿದ್ದನೆಂದು ಸಮಾಧಾನ ಹೇಳಬಹುದು. ಆದರೆ ತನ್ನ ಮೇಲಿನ ಕಾಠಿಣ್ಯಕ್ಕೆ ಉತ್ತರ ಕೊಡಲು ತಾನಿರುತ್ತೇವೆ, ಸತ್ತವನಿರುವುದಿಲ್ಲ. ಸ್ವಿಟ್ಜರ್‌ಲೆಂಡಿನ ಫರ್ದಿನಾಂ ದ ಸೊಸ್ಯೂರ್ ತನ್ನ ಟಿಪ್ಪಣಿಗಳಲ್ಲಿ ಈ ಗುರುಶಿಷ್ಯರಿಬ್ಬರನ್ನೂ ಗೌರವದಿಂದ ನೆನೆದಿದ್ದಾನೆ. ಭಾಷೆಯ ಸ್ಥಿತಿಯನ್ನೂ ಗತಿಯನ್ನೂ ಬೇರೆ ಬೇರೆಯಾಗಿ ನೋಡಬೇಕೆಂಬ ವಿಚಾರ ಸೊಸ್ಯೂರನ ಹೆಸರಿನಲ್ಲಿ 1916ರ ಅನಂತರ ಲೋಕಪ್ರಸಿದ್ಧವಾಯಿತು. ಕಜ಼ಾನಿನ ಪಾಠಗಳಲ್ಲಿ ಅದು ಅದಕ್ಕೆ ಎಷ್ಟೋ ವರ್ಷಗಳ ಹಿಂದೆಯೇ ಇತ್ತು.

1883ರಿಂದ 1893ರವರೆಗೆ ಬೋದುವೆನ್ ದೊರ್ಪಾತ್‌ನಲ್ಲಿದ್ದ; ಈಗ ಎಸ್ತೋನಿಯದ ತಾರ್ತು ಎನಿಸಿಕೊಳ್ಳುವ ಊರು ಅದು. ಅಲ್ಲಿಂದ ಆಸ್ಟ್ರಿಯದ ಆಳ್ವಿಕೆಯಲ್ಲಿದ್ದ ಕ್ರಾಕೂಫ್ ನಗರಕ್ಕೆ ಬಂದ. ತನ್ನ ನುಡಿಯ ವಿದ್ಯಾರ್ಥಿಗಳಿಗೆ ತನ್ನ ನುಡಿಯಲ್ಲಿ ಪಾಠ ಹೇಳುವ ಭಾಗ್ಯ ಕೊನೆಗೂ ದೊರೆಯಿತು. ಆದರೆ ನೇರ ಮಾತು, ನಿರ್ಭೀತ ಅಭಿಪ್ರಾಯಗಳು ಮೇಲಿನವರಿಗೆ ಹಿಡಿಸಲಿಲ್ಲ. 1899ರಲ್ಲಿ ಒಪ್ಪಂದವನ್ನು ಮುಂದುವರಿಸದೆ ಬಿಟ್ಟರು. ಮತ್ತೆ ರಷ್ಯದ ರಾಜಧಾನಿಯೇ ಗತಿಯಾಯಿತು. 1900ರಿಂದ 1918ರವರೆಗೆ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಶ್ಚೆರ್ಬಾ, ಪೊಲಿವಾನೊಫ್, ಫಾಸ್ಮರ್ ಮೊದಲಾದ ಶಿಷ್ಯರನ್ನು ತಯಾರಿಸಿದ. ದಾಲ್ ಎಂಬಾತನ ಪ್ರಸಿದ್ಧ ರಷ್ಯನ್ ನಿಘಂಟಿನ ಮೂರನೆಯ ಆವೃತ್ತಿಯನ್ನು 1903ರಿಂದ 1909ರವರೆಗೆ ಸಂಪಾದಿಸಿ ಸುಮಾರು 20,000 ಹೊಸ ಪದಗಳನ್ನು ಸೇರಿಸಿದ. ಬೀದಿಯ ಬೈಗುಳಗಳೂ ಅದರೊಳಗೆ ಬಂದವು. ಸಭ್ಯರು ಕೂಗಾಡಿದರು. ಜನ ಆಡುವುದನ್ನು ಬರೆಯಬೇಕಾದವನು ನಿಘಂಟುಕಾರ, ಜನ ಆಡಬೇಕಾದುದನ್ನು ವಿಧಿಸುವವನಲ್ಲ ಎಂಬುದು ಆತನ ನಿಲುವಾಗಿತ್ತು. ನಮ್ಮಲ್ಲಿ ನಿಘಂಟು ಮಾಡುವವರೂ ಈ ಪ್ರಶ್ನೆಯನ್ನು ಒಂದಲ್ಲ ಒಂದು ದಿನ ಎದುರಿಸಲೇಬೇಕು.

ಈಗ ಮತ್ತೆ ನಮ್ಮ ಚಿಕ್ಕ ವಾಕ್ಯಕ್ಕೆ ಬರುವೆ. ಏಕೆಂದರೆ ಬೋದುವೆನ್ನನನ್ನು ಕೊನೆಯವರೆಗೆ ಕಾಡಿದ ಒಂದು ಪ್ರಶ್ನೆ ಅದರೊಳಗಿದೆ. ಅಣ್ಣ ಓದಿದ ಎನ್ನಲು ಬ್ರಾತ್ ಚಿತಾವ್. ಅಕ್ಕ ಓದಿದಳು ಎನ್ನಲು ಶೊಸ್ತ್ರಾ ಚಿತಾವಾ. ಶೊಸ್ತ್ರಾ ಎಂಬುದು ನಮ್ಮ ಸ್ವಸೃ. ಭೂತಕಾಲದ ಈ ರೂಪ ಮೂಲದಲ್ಲಿ ಕೃದಂತ, ಒಂದು ಬಗೆಯ ವಿಶೇಷಣ. ಆದ್ದರಿಂದ ಲಿಂಗವನ್ನು ಹೊತ್ತು ನಡೆಯುತ್ತದೆ. ನಾನು ಓದಿದೆ ಎನ್ನುವಾಗಲೂ ಗಂಡಸು ಚಿತಾವೆಮ್ ಎಂದರೆ ಹೆಂಗಸು ಚಿತಾವಾಮ್ ಎನ್ನಬೇಕು. ಕನ್ನಡದಲ್ಲಿ ನಾನು ಎಂದವರು ಗಂಡೋ ಹೆಣ್ಣೋ ಎಂದು ಕ್ರಿಯಾಪದ ಕೇಳುವುದಿಲ್ಲ. ಇದರಿಂದ ಅಲ್ಲಿನ ಕತೆಗಾರನಿಗೆ ಒಂದು ಕಷ್ಟ, ಒಂದು ಅನುಕೂಲ: ನಿರೂಪಕನ ಲಿಂಗವನ್ನು ಮೊದಲ ಭೂತಕಾಲದ ಕ್ರಿಯಾಪದದಲ್ಲೇ ಬಿಟ್ಟುಕೊಡಬೇಕಾಗುತ್ತದೆ.

ಬಹುವಚನಕ್ಕೆ ಬಂದಾಗ ವಿಷಯ ಇನ್ನೂ ತೀಕ್ಷ್ಣವಾಗುತ್ತದೆ. ಅಣ್ಣತಮ್ಮಂದಿರು ಓದಿದರು ಎನ್ನಲು ಬ್ರಾಚ್ಯಾ ಚಿತಾಲಿ. ಅಕ್ಕತಂಗಿಯರು ಓದಿದರು ಎನ್ನಲು ಶೊಸ್ತ್ರಿ ಚಿತಾವಿ. ಬೆಕ್ಕುಗಳು ಮಲಗಿದವು ಎನ್ನಲು ಕೊತಿ ಸ್ಪಾವಿ. ಇಲ್ಲಿ ಸ್ವಪ್ ಧಾತುವನ್ನು ವಾಚಕರು ಗುರುತಿಸಿಯೇ ಇರುತ್ತಾರೆ. ಗಮನಿಸಿ: ಅಕ್ಕತಂಗಿಯರಿಗೂ ಬೆಕ್ಕುಗಳಿಗೂ ಒಂದೇ ಕೊನೆ. ಗಂಡಸರದು ಒಂದು ಪಂಕ್ತಿ. ಹೆಂಗಸರು, ಪ್ರಾಣಿಗಳು, ಮೇಜು ಕುರ್ಚಿಗಳೆಲ್ಲ ಇನ್ನೊಂದು. ನೂರು ಮಂದಿ ಅಕ್ಕಂದಿರ ನಡುವೆ ಒಬ್ಬ ತಮ್ಮ ಬಂದು ಕುಳಿತರೆ ಇಡೀ ಗುಂಪು ಗಂಡಸರ ಪಂಕ್ತಿಗೆ ಬಡ್ತಿ ಪಡೆಯುತ್ತದೆ. ಕನ್ನಡ ಗೆರೆ ಎಳೆಯುವುದು ಬೇರೆ ಕಡೆ. ಅಣ್ಣಂದಿರೂ ಓದಿದರು, ಅಕ್ಕಂದಿರೂ ಓದಿದರು. ಮಲಗಿದವು ಎಂಬುದು ಬೆಕ್ಕುಗಳಿಗೆ ಮಾತ್ರ. ಮನುಷ್ಯರು ಈಚೆ, ಉಳಿದುವೆಲ್ಲ ಆಚೆ. ಇದನ್ನು ಹೇಳಿ ನಾವು ಬೀಗಬೇಕಾಗಿಲ್ಲ. ನೆರೆಯ ತೆಲುಗಿನಲ್ಲಿ ಬಹುವಚನ ನಮ್ಮಂತೆಯೇ ಇದ್ದರೂ ಏಕವಚನದ ಕ್ರಿಯಾಪದ ಹೆಂಗಸನ್ನು ಅಮಹತ್ತಿನೊಡನೆ ಸೇರಿಸುತ್ತದೆ. ನಮ್ಮ ಹಳ್ಳಿಗಳಲ್ಲಿಯೂ ಹುಡುಗಿ ಬಂತು ಎಂಬ ಮಾತು ಕಿವಿಗೆ ಬೀಳದ ಮಾತೇನೂ ಅಲ್ಲ.

ಬೋದುವೆನ್ ಇದನ್ನು ಬರಿಯ ರೂಪಗಳ ಪಟ್ಟಿಯಾಗಿ ನೋಡಲಿಲ್ಲ. ಪೋಲಿಷ್ ಭಾಷೆಯ ಮನಶ್ಶಾಸ್ತ್ರೀಯ ಲಕ್ಷಣಗಳನ್ನು ಕುರಿತ 1915ರ ಬರಹದಲ್ಲಿಯೂ, ಭಾಷೆಯು ಲೋಕದೃಷ್ಟಿಯ ಮೇಲೆ ಬೀರುವ ಪ್ರಭಾವವನ್ನು ಕುರಿತು 1929ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ ಬರಹದಲ್ಲಿಯೂ ವ್ಯಾಕರಣಲಿಂಗದ ಪ್ರಶ್ನೆಯನ್ನು ಎತ್ತಿದ. ಮೇಜಿಗೂ ಚಂದ್ರನಿಗೂ ಹಗಲಿಗೂ ಗಂಡು ಹೆಣ್ಣೆಂಬ ಮುದ್ರೆಯನ್ನು ಒತ್ತುವ ಭಾಷೆ ಆಡುವವರ ಮನಸ್ಸಿನ ಮೇಲೆ ಭಾರ ಹೇರುತ್ತದೆ, ಕಲ್ಪನೆಯನ್ನು ಲೈಂಗಿಕವಾಗಿಸುತ್ತದೆ ಎಂದು ಆತನ ಅಭಿಪ್ರಾಯ. ತಾತಾರಿ ಭಾಷೆಯಲ್ಲಿ ಲಿಂಗಭೇದವಿಲ್ಲ; ಎಸ್ತೋನಿಯನ್ ಭಾಷೆಯಲ್ಲಿಯೂ ಇಲ್ಲ. ಕಜ಼ಾನ್, ದೊರ್ಪಾತ್‌ಗಳಲ್ಲಿ ಹದಿನೆಂಟು ವರ್ಷ ಅಂಥ ನುಡಿಗಳ ನಡುವೆ ಬಾಳಿದುದು ಈ ವಿಚಾರಕ್ಕೆ ನೀರೆರೆದಿರಬೇಕೆಂದು ನನ್ನ ಊಹೆ. ಆತನ ತೀರ್ಮಾನವನ್ನು ನಾನು ಪೂರ್ತಿ ಒಪ್ಪಲಾರೆ. ಲಿಂಗವಿಲ್ಲದ ಭಾಷೆಯನ್ನಾಡುವ ಸಮಾಜಗಳಲ್ಲಿ ಹೆಣ್ಣಿನ ಬಾಳು ಹಗುರಾಗಿತ್ತೆಂದು ಚರಿತ್ರೆ ಹೇಳುವುದಿಲ್ಲ. ಓದಿದರು ಎಂದು ಅಕ್ಕಂದಿರನ್ನು ಮನುಷ್ಯರ ಪಂಕ್ತಿಯಲ್ಲಿ ಕೂರಿಸಿದ ಕನ್ನಡ ನಾಡು ಬಹುಕಾಲ ಅವರಿಗೆ ಓದನ್ನೇ ಕೊಡಲಿಲ್ಲ. ಆದರೂ ಪಂಡಿತನೊಬ್ಬ ತಾನು ಬಾಲ್ಯದಿಂದ ಆಡಿದ ಭಾಷೆಯ ಬಹುವಚನ ಪ್ರತ್ಯಯದಲ್ಲಿ ಒಂದು ಅನ್ಯಾಯವನ್ನು ಕಂಡು ತಳಮಳಿಸಿದನೆಂಬುದು ಸಾಮಾನ್ಯವಲ್ಲ.

ಆ ತಳಮಳ ವ್ಯಾಕರಣದಲ್ಲಿಯೇ ನಿಲ್ಲಲಿಲ್ಲ. ಎಲ್ಲ ಭಾಷೆಗಳೂ ಮಿಶ್ರ, ಅಪ್ಪಟ ಭಾಷೆ ಎಂಬುದಿಲ್ಲ ಎಂದು 1901ರಲ್ಲಿ ಬರೆದ. ಹಾಗಿದ್ದಮೇಲೆ ಅಪ್ಪಟ ಜನಾಂಗವೆಲ್ಲಿಯದು? ಒಂದು ರಾಜ್ಯದೊಳಗಿರುವ ಎಲ್ಲ ನುಡಿಗಳವರಿಗೂ ಸಮಾನವಾದ ಹಕ್ಕಿರಬೇಕು, ತಾನು ಯಾವ ರಾಷ್ಟ್ರೀಯತೆಗೆ ಸೇರಿದವನೆಂಬುದನ್ನು ಪ್ರತಿಯೊಬ್ಬನೂ ತಾನೇ ನಿರ್ಧರಿಸಿಕೊಳ್ಳಬೇಕು, ಬೇಡವೆಂದರೆ ಯಾವುದಕ್ಕೂ ಸೇರದಿರಬೇಕು ಎಂಬುದು ಆತನ ನಂಬುಗೆ. 1913ರಲ್ಲಿ ಸ್ವಾಯತ್ತತೆಯನ್ನು ಕುರಿತು ಅಚ್ಚಾದ ಒಂದು ಕಿರುಹೊತ್ತಗೆಯಲ್ಲಿ ಇಂಥ ವಿಚಾರಗಳನ್ನು ಬರೆದುದಕ್ಕಾಗಿ ಚಕ್ರವರ್ತಿಯ ನ್ಯಾಯಾಲಯ ಎರಡು ವರ್ಷದ ಸೆರೆಮನೆ ವಿಧಿಸಿತು. ಎಪ್ಪತ್ತರ ಹತ್ತಿರದ ಪ್ರಾಧ್ಯಾಪಕ ಕೆಲವು ತಿಂಗಳು ಸೆರೆಯಲ್ಲಿದ್ದು ಬಿಡುಗಡೆಯಾದ.

1918ರಲ್ಲಿ ಪೋಲೆಂಡ್ ಮತ್ತೆ ಸ್ವತಂತ್ರವಾಯಿತು. ಬೋದುವೆನ್ ವಾರ್ಸಾಕ್ಕೆ ಮರಳಿ ವಿಶ್ವವಿದ್ಯಾನಿಲಯದ ಗೌರವ ಪ್ರಾಧ್ಯಾಪಕನಾದ. ಪೋಲಿಷ್ ಭಾಷೆಯ ಚರಿತ್ರೆಯ ರೂಪರೇಖೆಯನ್ನು 1922ರಲ್ಲಿ ಹೊರತಂದ. ತನ್ನ ನಾಡು ಬಂತು, ಇನ್ನು ಸುಮ್ಮನಿರಬಹುದೆಂದು ಆತ ಎಣಿಸಲಿಲ್ಲ. ನಿನ್ನೆಯವರೆಗೆ ತುಳಿತಕ್ಕೆ ಸಿಕ್ಕಿದ್ದ ಪೋಲರು ಇಂದು ತಮ್ಮೊಳಗಿನ ಯಹೂದಿ, ಉಕ್ರೇನಿಯನ್, ಬೆಲರೂಸಿಯನ್, ಜರ್ಮನ್ ಜನರನ್ನು ತುಳಿಯಬಾರದೆಂದು ಹೇಳತೊಡಗಿದ. ರಷ್ಯದಲ್ಲಿದ್ದಾಗ ಪೋಲರ ಪರವಾಗಿ ಆಡಿದ ಮಾತನ್ನೇ ಪೋಲೆಂಡಿನಲ್ಲಿ ಇತರರ ಪರವಾಗಿ ಆಡಿದ, ಅಷ್ಟೆ. ಆದರೆ ಕೇಳುವವರು ಬದಲಾಗಿದ್ದರು. 1922ರ ಡಿಸೆಂಬರ್ 9ರಂದು ದೇಶದ ಮೊದಲ ಅಧ್ಯಕ್ಷನ ಆಯ್ಕೆಗೆ ರಾಷ್ಟ್ರಸಭೆ ಸೇರಿದಾಗ ಅಲ್ಪಸಂಖ್ಯಾತರ ಒಕ್ಕೂಟ ಈ ಎಪ್ಪತ್ತೇಳರ ಭಾಷಾಶಾಸ್ತ್ರಜ್ಞನ ಹೆಸರನ್ನು ಸೂಚಿಸಿತು. ಗೆಲ್ಲುವ ಮಾತೇ ಇರಲಿಲ್ಲ. ಮೊದಲ ಸುತ್ತಿನಲ್ಲಿ 103 ಮತಗಳು ಬಿದ್ದವು. ಮುಂದಿನ ಸುತ್ತುಗಳಲ್ಲಿ ಆ ಮತಗಳು ಗಬ್ರಿಯೆಲ್ ನರುತೋವಿಚ್ ಕಡೆಗೆ ಹರಿದು ಆತ ಐದನೆಯ ಸುತ್ತಿನಲ್ಲಿ ಗೆದ್ದ. ಅನ್ಯರ ಮತದಿಂದ ಗೆದ್ದವನೆಂದು ಬೀದಿಯಲ್ಲಿ ಕೂಗೆದ್ದಿತು. ಡಿಸೆಂಬರ್ 16ರಂದು ವಾರ್ಸಾದ ಚಿತ್ರಶಾಲೆಯೊಂದರಲ್ಲಿ ಒಬ್ಬ ಚಿತ್ರಕಾರ ನರುತೋವಿಚ್‌ನನ್ನು ಗುಂಡಿಟ್ಟು ಕೊಂದ. ಬೋದುವೆನ್ ಆ ಅನಂತರವೂ ಬರೆಯುವುದನ್ನು ಬಿಡಲಿಲ್ಲ.

ಮನೆಯೊಳಗೂ ಆತ ಬರೆಯುತ್ತಲೇ ಇದ್ದವನು. ಹೆಂಡತಿ ರೊಮುವಾಲ್ದಾ ಸ್ವತಃ ಲೇಖಕಿ. ಮಗಳು ಸೆಜ಼ಾರಿಯಾ ಮುಂದೆ ಜನಾಂಗಶಾಸ್ತ್ರದಲ್ಲಿ ಹೆಸರಾದಳು. ಮಕ್ಕಳು ತೊದಲು ಮಾತಾಡುವ ಕಾಲದಲ್ಲಿ ಈ ತಂದೆ ಅವರ ಬಾಯಿಂದ ಬಿದ್ದ ಮಾತುಗಳನ್ನು ಪುಟಗಟ್ಟಲೆ ಬರೆದಿಟ್ಟಿದ್ದ. ಮಗು ಯಾವ ಧ್ವನಿಯನ್ನು ಯಾವುದಕ್ಕೆ ಬದಲಿಸುತ್ತದೆ, ಯಾವ ಪ್ರತ್ಯಯವನ್ನು ಎಲ್ಲಿಂದ ಎಲ್ಲಿಗೆ ಒಯ್ಯುತ್ತದೆ ಎಂಬುದರಲ್ಲಿ ಭಾಷೆಯ ನಾಳೆಯ ಸುಳಿವಿದೆಯೆಂದು ಆತ ತಿಳಿದಿದ್ದ. 1868ರ ಲೇಖನದಲ್ಲಿ ಹಳೆಯ ಪತ್ರಗಳೊಳಗೆ ಹುಡುಕಿದ ಸಾದೃಶ್ಯವನ್ನು ಹೀಗೆ ತೊಟ್ಟಿಲ ಬಳಿ ಕುಳಿತು ಕಣ್ಣಾರೆ ಕಂಡ. 1929ರ ನವೆಂಬರ್ 3ರಂದು ವಾರ್ಸಾದಲ್ಲಿ ತೀರಿಕೊಂಡಾಗ ವಯಸ್ಸು ಎಂಬತ್ತನಾಲ್ಕು. ಯಾವ ಮತಕ್ಕೂ ಸೇರಿದವನಲ್ಲವೆಂದು ಹೇಳಿಕೊಂಡಿದ್ದ ಆತನ ದೇಹಕ್ಕೆ ಅಲ್ಲಿನ ಸುಧಾರಿತ ಇವ್ಯಾಂಜೆಲಿಕಲ್ ಪಂಥದವರ ರುದ್ರಭೂಮಿಯಲ್ಲಿ ಸ್ಥಳ ದೊರೆಯಿತು. ಮಕ್ಕಳ ಮಾತಿನ ಆ ಟಿಪ್ಪಣಿಗಳು ಯುದ್ಧಗಳನ್ನು ದಾಟಿ ಉಳಿದುಕೊಂಡು 1974ರಲ್ಲಿ ಪುಸ್ತಕವಾಗಿ ಹೊರಬಂದವು.